ಚೂರಿ ಮೊದಲು, ಒರೆ ಆಮೇಲೆ

ಚೂರಿ ಮಾಡಿಸಲು ಬರುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಚಿತ್ರ ತೋರಿಸಿ ‘ಇಂಥದ್ದೇ ಬೇಕು’ ಎನ್ನುತ್ತಾರೆ. ಚಿತ್ರದಲ್ಲಿ ಆಕಾರ ಕಾಣುತ್ತದೆ, ಬೆನ್ನಿನ, ಅಂದರೆ ಹರಿತವಿಲ್ಲದ ಅಂಚಿನ, ದಪ್ಪ ಕಾಣುವುದಿಲ್ಲ. ಅದಕ್ಕಿಂತ ಕೆಲಸ ಯಾವುದೆಂದು ಹೇಳಿ: ತೋಟದಲ್ಲಿ ಹಗ್ಗ, ಬಳ್ಳಿ ಕೊಯ್ಯಲೋ, ಮಾಂಸ ಹೆಚ್ಚಲೋ, ಕೊಂಬೆ ಸವರಲೋ. ಕೊಯ್ಯುವ ಕೆಲಸಕ್ಕೆ 5 ಇಂಚಿನ ಅಲಗು, 3 ಮಿ.ಮೀ. ಬೆನ್ನು ಧಾರಾಳ ಸಾಕು. ಗಟ್ಟಿಮುಟ್ಟಾಗಿರಲಿ ಎಂದು 6 ಮಿ.ಮೀ. ಮಾಡಿಸಿದರೆ ಗಜ್ಜರಿ ಹೋಳಾಗುವ ಮೊದಲೇ ಸೀಳಿಹೋಗುತ್ತದೆ.

ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದು, ಮನೆ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಯ ಕೆಲಸದ್ದಲ್ಲದಿದ್ದರೆ ಅದು 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಸೇರುತ್ತದೆ. ಅಳತೆ ಹೇಳುವಾಗಲೇ ಇದು ನೆನಪಿರಲಿ.

ನಮ್ಮ ಕುಲುಮೆಗಳಲ್ಲಿ ಸುಲಭವಾಗಿ ಸಿಗುವ ಉಕ್ಕು ಲಾರಿಯ ಸ್ಪ್ರಿಂಗ್ ಪ್ಲೇಟು. ಒಳ್ಳೆಯ ಉಕ್ಕೇ, ಆದರೆ ಹಳೆಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಹದ ಹಾಕುವಾಗ, ಅಂದರೆ ಕಾಯಿಸಿ ಅದ್ದಿ ಗಡಸು ಮಾಡುವಾಗ, ಅದು ಬಾಯಿ ತೆರೆಯುತ್ತದೆ, ಅಷ್ಟು ಹೊತ್ತಿನ ಕೆಲಸ ಹಾಳು. ಹೊಸ ಪಟ್ಟಿ ತರಿಸಲು ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ಚೂರಿಯ ಜೀವ ಇರುವುದು ಹದದಲ್ಲಿ. ಕಾದ ಅಲಗಿಗೆ ಅಯಸ್ಕಾಂತ ಹಿಡಿಯುವುದು ನಿಂತ ಮೇಲೂ ಬಣ್ಣ ಇನ್ನೊಂದಿಷ್ಟು ಏರಬೇಕು, ಸುಮಾರು 840 ಡಿಗ್ರಿಯವರೆಗೆ. ಆಮೇಲೆ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಈ ಉಕ್ಕನ್ನು ನೀರಿಗೆ ಹಾಕಿದರೆ ಸೀಳುವ ಅಪಾಯ ಹೆಚ್ಚು. ಅದ್ದುವಾಗ ಅಲಗಿನ ಬಾಯಿ, ಅಂದರೆ ಕೊಯ್ಯುವ ಅಂಚು, 1 ಮಿ.ಮೀ.ನಷ್ಟು ದಪ್ಪ ಇರಬೇಕು, ಮೊದಲೇ ತೆಳುವಾಗಿಸಿದ್ದರೆ ಸೊಟ್ಟಗಾಗುತ್ತದೆ. ಅದ್ದಿದ ಮೇಲೆ ಅರ (ಲೋಹ ಉಜ್ಜುವ ಉಪಕರಣ) ಕಚ್ಚದೆ ಜಾರಿದರೆ ಗಡಸು ಬಂದಿದೆ ಎಂದರ್ಥ. ಆದರೆ ಆ ಸ್ಥಿತಿಯಲ್ಲಿ ಅಲಗು ಗಾಜಿನಂತೆ ಒಡೆಯುತ್ತದೆ. 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಮತ್ತೆ ಕಾಯಿಸಿದರೆ ಮಾತ್ರ ಬಾಳುತ್ತದೆ. ಈ ಎರಡನೆಯ ಕಾಯಿಸುವಿಕೆಯನ್ನು ಅವಸರದಲ್ಲಿ ಬಿಟ್ಟುಬಿಡುವವರಿದ್ದಾರೆ. ಕೇಳಿಯೇ ತಿಳಿದುಕೊಳ್ಳಿ. ಕೊನೆಯಲ್ಲಿ ಸಾಣೆ ಹಿಡಿಯುವಾಗ ಬಾಯಿ ನೀಲಿಗಟ್ಟಿದರೆ ಅಷ್ಟು ಜಾಗದ ಹದ ಹೋಯಿತು, ಅದನ್ನು ಒಪ್ಪಿಕೊಳ್ಳಬೇಡಿ.

ಚೂರಿ ಕೈಗೆ ಬಂದಾಗ ಒಂದು ಹಿತ್ತಾಳೆ ಕಡ್ಡಿಯ ಮೇಲೆ ಬಾಯಿಯನ್ನು ಹಗುರವಾಗಿ ಒತ್ತಿ ಎಳೆಯಿರಿ. ಬಾಗಿ ಮರಳಿ ನೆಟ್ಟಗಾದರೆ ಸರಿ. ಚಕ್ಕೆ ಎದ್ದರೆ ಗಡಸು ಹೆಚ್ಚು, ಬಾಗಿದ್ದು ಹಾಗೇ ನಿಂತರೆ ಮೆದು.

ಹಿಡಿಗೆ ಚೆನ್ನಾಗಿ ಒಣಗಿದ ಮರವೇ ಆಗಬೇಕು. ಹಸಿ ಮರ ಬೇಸಿಗೆಯಲ್ಲಿ ಕುಗ್ಗಿ, ರಿವೆಟ್ಟುಗಳ ತಲೆ ಅಂಗೈಗೆ ಚುಚ್ಚುತ್ತದೆ.

ಒರೆಯ ಅಳತೆ ಕಾಗದದ ಮೇಲೆ ಬೇಡ. ಹಿಡಿ ಕೂರಿಸಿ ಮುಗಿದ ಚೂರಿಯನ್ನೇ ಚರ್ಮದ ಕೆಲಸದವರಿಗೆ ಒಯ್ಯಿರಿ. ಎಡಗೈಯವರಾದರೆ ಮೊದಲೇ ಹೇಳಿ, ಬೆಲ್ಟಿನ ಅಗಲವನ್ನೂ ತಿಳಿಸಿ. ಮರದ ತೊಗಟೆಯಿಂದ ಹದ ಮಾಡಿದ 3 ಮಿ.ಮೀ. ಚರ್ಮ ಕೇಳಿ. ಕ್ರೋಮಿಯಂ ಲವಣದಲ್ಲಿ ಹದಗೊಳಿಸಿದ್ದು ಮೆತ್ತಗಿರುತ್ತದೆ, ಒತ್ತಿದ ಆಕಾರ ನಿಲ್ಲುವುದಿಲ್ಲ, ಅದರಲ್ಲುಳಿದ ಲವಣ ಅಲಗಿಗೆ ತುಕ್ಕು ಹಿಡಿಸುತ್ತದೆ. ಎರಡು ಪದರಗಳ ನಡುವೆ ಬಾಯಿಯ ಉದ್ದಕ್ಕೂ ಇನ್ನೊಂದು ಚರ್ಮದ ಪಟ್ಟಿ ಇರಲೇಬೇಕು. ಅದಿಲ್ಲದಿದ್ದರೆ ಚೂರಿ ಒಳಹೋಗುವಾಗಲೆಲ್ಲ ದಾರವನ್ನೇ ಕೊಯ್ಯುತ್ತದೆ, ಕೊನೆಗೊಮ್ಮೆ ಬಾಯಿ ತೊಡೆಯ ಕಡೆ ಹೊರಬರುತ್ತದೆ. ಮೇಣ ಸವರಿದ ದಾರ, ಎರಡು ಸೂಜಿಯ ಕೈಹೊಲಿಗೆ ಒಳ್ಳೆಯದು: ಒಂದು ಹೊಲಿಗೆ ಕಡಿದರೂ ಉಳಿದವು ಬಿಚ್ಚಿಕೊಳ್ಳುವುದಿಲ್ಲ.

ಹೊಲಿದ ಒರೆಯನ್ನು ನೆನೆಸಿ, ಅಲಗಿಗೆ ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಹಿಡಿಯ ಬುಡದಲ್ಲಿ ಬೆರಳಿನಿಂದ ಒತ್ತಿ ಕೂರಿಸುತ್ತಾರೆ. ನೆರಳಲ್ಲೇ ಒಣಗಬೇಕು. ಬಿಸಿಲಿಗಿಟ್ಟರೆ ಚರ್ಮ ಸೆಟೆದು ಕುಗ್ಗುತ್ತದೆ.

ಚೂರಿಯನ್ನು ಒರೆಯೊಳಗೇ ಇಟ್ಟು ಮರೆಯಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಚರ್ಮ ನೀರು ಹಿಡಿದಿಟ್ಟುಕೊಂಡು ಕೆಲವೇ ದಿನಗಳಲ್ಲಿ ಅಲಗಿಗೆ ಕಲೆ ಬರುತ್ತದೆ. ಒರೆಸಿ, ಎಣ್ಣೆ ಸವರಿ, ಬೇರೆಯಾಗಿ ಇಡಿ. ಬಳಸುತ್ತ ಒರೆ ಸಡಿಲವಾದರೆ ಚೂರಿ ಒಳಹೋಗುವ ಕಡೆಯ ಭಾಗವನ್ನಷ್ಟೇ ಮತ್ತೆ ನೆನೆಸಿ, ಪ್ಲಾಸ್ಟಿಕ್ ಸುತ್ತಿದ ಚೂರಿಯ ಮೇಲೆ ಒತ್ತಿ ಒಣಗಿಸಿದರಾಯಿತು.