ಆಂಜಿಯೋಪ್ಲಾಸ್ಟಿಯಲ್ಲಿ ಬೆನ್ನಿನ ಚರ್ಮಕ್ಕೆ ಎಷ್ಟು ಎಕ್ಸ್‌ರೇ ಬಿತ್ತು? ಅಳೆಯಲು ಹೊರಟ ನೂರು ವರ್ಷಗಳ ಕಥೆ

ಆಂಜಿಯೋಪ್ಲಾಸ್ಟಿ ನಡೆಯುವುದೇ ಎಕ್ಸ್‌ರೇ ಹಿಡಿದುಕೊಂಡು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ತೊಡೆಯಿಂದಲೋ ಮಣಿಕಟ್ಟಿನಿಂದಲೋ ತಂತಿ ತೂರಿಸಿ, ಹೃದಯದವರೆಗೆ ಒಯ್ದು, ಬಲೂನು ಉಬ್ಬಿಸಿ ಸ್ಟೆಂಟ್ ಕೂರಿಸುವಾಗ ಡಾಕ್ಟರಿಗೆ ದಾರಿ ತೋರಿಸುವುದು ಪರದೆಯ ಮೇಲಿನ ಎಕ್ಸ್‌ರೇ ಚಿತ್ರ. ಕಿರಣ ಹೊರಡಿಸುವ ಟ್ಯೂಬ್ ಸಾಮಾನ್ಯವಾಗಿ ಮಂಚದ ಕೆಳಗಿರುತ್ತದೆ. ಹಾಗಾಗಿ ಕಿರಣ ಮೊದಲು ಹೊಗುವುದು ಬೆನ್ನಿನ ಚರ್ಮದ ಮೂಲಕ. ಆ ಚರ್ಮಕ್ಕೆ ಎಷ್ಟು ಡೋಸ್ ಬಿತ್ತು? ಕೇಳಲು ಸುಲಭ. ಉತ್ತರ ಹುಡುಕಲು ಹೋದರೆ ನಾಲ್ಕೈದು ಬಗೆಯ ಅಳತೆಗಳು, ಒಂದೊಂದು ದೇಶಕ್ಕೂ ಒಂದೊಂದು ನಿಯಮ, ಎಲ್ಲ ಗೋಜಲು.

ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರುವರ್ಷವೇ ಚರ್ಮ ಸುಟ್ಟ, ಕೂದಲು ಉದುರಿದ ವರದಿಗಳು ಬಂದವು. ಎಡಿಸನ್ ಜೊತೆ ಎಕ್ಸ್‌ರೇ ಪ್ರಯೋಗ ಮಾಡುತ್ತಿದ್ದ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ತೀರಿಕೊಂಡ. ಆಗ ಅಳೆಯಲು ಸರಿಯಾದ ಮಾಪಕವಿರಲಿಲ್ಲ. ಚರ್ಮವನ್ನೇ ಮಾಪಕ ಮಾಡಿಕೊಂಡರು. ಎಷ್ಟು ಕೊಟ್ಟರೆ ಚರ್ಮ ಕೆಂಪಾಗುತ್ತದೋ ಅದು ಒಂದು ಡೋಸ್. 1924ರಲ್ಲಿ ಅಮೆರಿಕದ ಭೌತವಿಜ್ಞಾನಿ ಮುಟ್ಶೆಲ್ಲರ್, ಎಕ್ಸ್‌ರೇ ಕೆಲಸಗಾರರಿಗೆ ತಿಂಗಳಿಗೆ ಅದರ ನೂರನೇ ಒಂದು ಪಾಲು ಸಾಕು ಅಂದ. 1928ರಲ್ಲಿ ಸ್ಟಾಕ್‌ಹೋಮ್ ಸಮಾವೇಶ ರಾಂಟ್‌ಜನ್ ಎಂಬ ಮಾನ ಒಪ್ಪಿಕೊಂಡಿತು. ಕಿರಣ ಗಾಳಿಯಲ್ಲಿ ಎಷ್ಟು ವಿದ್ಯುದಾವೇಶ ಹುಟ್ಟಿಸುತ್ತದೆ ಅನ್ನೋದೇ ಆ ಮಾನದ ಲೆಕ್ಕ. ಅಲ್ಲಿಂದ ಅಳತೆ ಚರ್ಮ ಬಿಟ್ಟು ಗಾಳಿಗೆ ಹೋಯಿತು. ಲೆಕ್ಕ ಕರಾರುವಾಕ್ಕಾಯಿತು, ನಿಜ. ಆದರೆ ಎದೆಯ ಒಂದು ಎಕ್ಸ್‌ರೇ ತೆಗೆದರೆ ಯಾರ ಚರ್ಮವೂ ಕೆಂಪಾಗುವುದಿಲ್ಲವಲ್ಲ, ಹಾಗಾಗಿ ರೋಗ ಪತ್ತೆಯ ಕೋಣೆಯಲ್ಲಿ ರೋಗಿಯ ಚರ್ಮದ ಮಾತು ಹೆಚ್ಚುಕಡಿಮೆ ನಿಂತೇಹೋಯಿತು.

1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಮೊದಲ ಕರೋನರಿ ಆಂಜಿಯೋಪ್ಲಾಸ್ಟಿ ಮಾಡಿದ. ಅಲ್ಲಿಂದ ಕಥೆ ಬದಲಾಯಿತು. ಎಕ್ಸ್‌ರೇ ಬರೀ ನೋಡುವುದಕ್ಕಲ್ಲ, ನೋಡುತ್ತಾ ಕೈಕೆಲಸ ಮಾಡುವುದಕ್ಕೆ ಬಂತು. ಹೃದಯದ ಬಡಿತ ಸರಿಪಡಿಸುವ ಅಬ್ಲೇಶನ್, ಮೆದುಳಿನ ರಕ್ತನಾಳದ ಉಬ್ಬಿಗೆ ಕಾಯಿಲ್ ತುಂಬುವುದು, ಯಕೃತ್ತಿನ ಗಡ್ಡೆಗೆ ಹೋಗುವ ರಕ್ತ ಕಟ್ಟುವುದು. ಎದೆ ಸೀಳದೆ, ತಲೆಬುರುಡೆ ತೆರೆಯದೆ ಆಗುವ ಈ ಚಿಕಿತ್ಸೆಗಳಿಂದ ಲೆಕ್ಕವಿಲ್ಲದಷ್ಟು ಜೀವ ಉಳಿದಿವೆ. ಆದರೆ ಕಷ್ಟದ ಕೇಸಾದರೆ ಒಂದೇ ಕೋನದಲ್ಲಿ, ಒಂದೇ ಅಂಗೈಯಗಲದ ಚರ್ಮದ ಮೇಲೆ ಗಂಟೆಗಟ್ಟಲೆ ಕಿರಣ ಬೀಳಬಹುದು.

ಅದಕ್ಕೆ ಎಲ್ಲರೂ ತೋರಿಸುವ ಉದಾಹರಣೆ ಅಮೆರಿಕದ ಒಬ್ಬ ರೋಗಿಯದು. ವಯಸ್ಸು ನಲವತ್ತು. 1990ರ ಮಾರ್ಚ್ 29ರಂದು ಒಂದೇ ದಿನ ಆಂಜಿಯೋಗ್ರಾಮ್, ಆಂಜಿಯೋಪ್ಲಾಸ್ಟಿ, ತೊಡಕಾಯಿತೆಂದು ಮತ್ತೊಂದು ಆಂಜಿಯೋಗ್ರಾಮ್, ಕೊನೆಗೆ ಬೈಪಾಸ್. ಸುಮಾರು ಒಂದು ತಿಂಗಳ ಮೇಲೆ ಬೆನ್ನು ಕೆಂಪಾಯಿತು, ಸಿಪ್ಪೆ ಎದ್ದಿತು. ಆಮೇಲೆ ಬೆಂಕಿ ತಗುಲಿ ಸುಟ್ಟ ಹಾಗೆ ಕಂಡಿತು. ನಾಲ್ಕೈದು ತಿಂಗಳಿಗೆ ವಾಸಿಯಾದಂತಿತ್ತು, ನಡುವೆ ಒಂದು ಸಣ್ಣ ಹುಣ್ಣು ಮಾತ್ರ ಉಳಿದಿತ್ತು. ಒಂದೂವರೆ ವರ್ಷ ದಾಟುವಷ್ಟರಲ್ಲಿ ಅದೇ ಜಾಗ ಒಳಗಿನಿಂದ ಸತ್ತು ಗುಳಿಯಾಯಿತು. ಬೇರೆ ಕಡೆಯ ಚರ್ಮ ತಂದು ಕಸಿ ಮಾಡಬೇಕಾಯಿತು. ಇಂಥವು ಕೂಡಿ ಬಂದ ಮೇಲೆ, 1994ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳ ಮೇಲೆ ಕಣ್ಣಿಡುವ ಎಫ್‌ಡಿಎ ವೈದ್ಯರಿಗೆಲ್ಲ ಎಚ್ಚರಿಕೆ ಹೊರಡಿಸಿತು.

ಆಗ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಆಂಜಿಯೋಪ್ಲಾಸ್ಟಿ ನಡೆಯುವ ಕೋಣೆಯಲ್ಲಿ, ನಿತ್ಯ ಲೆಕ್ಕ ಇಡುತ್ತಿದ್ದದ್ದು ಏನು? ಸಮಯ. ಪರದೆಯ ಮೇಲೆ ಓಡುತ್ತಲೇ ಇರುವ ಎಕ್ಸ್‌ರೇ ಚಿತ್ರಕ್ಕೆ ಫ್ಲೋರೋಸ್ಕೋಪಿ ಅನ್ನುತ್ತಾರೆ. ಐದು ನಿಮಿಷ ಫ್ಲೋರೋಸ್ಕೋಪಿ ಆದರೆ ಬೆಲ್ ಹೊಡೆಯುತ್ತಿತ್ತು, ಅದನ್ನು ಒತ್ತಿ ನಿಲ್ಲಿಸಿ ಕೆಲಸ ಮುಂದುವರಿಸುತ್ತಿದ್ದರು. ಸಮಯದಿಂದ ಚರ್ಮದ ಡೋಸ್ ತಿಳಿಯುವುದಿಲ್ಲ. ಮೈ ಮೂರು ಸೆಂಟಿಮೀಟರ್ ದಪ್ಪ ಜಾಸ್ತಿಯಾದರೆ ಮೆಷಿನ್ ತಾನಾಗಿಯೇ ಸುಮಾರು ಎರಡು ಪಟ್ಟು ಕಿರಣ ಬಿಡುತ್ತದೆ. ರೆಕಾರ್ಡ್ ಮಾಡಿಕೊಳ್ಳುವ ಸಿನಿ ಚಿತ್ರಗಳಿಗೆ ಫ್ಲೋರೋಗಿಂತ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು, ಮತ್ತು ಅವು ಆ ನಿಮಿಷಗಳ ಲೆಕ್ಕದಲ್ಲೇ ಇಲ್ಲ. ಇಪ್ಪತ್ತು ನಿಮಿಷ ಅಂತ ಬರೆದ ಇಬ್ಬರು ರೋಗಿಗಳ ಬೆನ್ನಿನ ಮೇಲೆ ಅಜಗಜಾಂತರ ವ್ಯತ್ಯಾಸ ಇರಬಹುದು.

ವಿದ್ಯುತ್ ಉಪಕರಣಗಳಿಗೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಇಸಿಯಿಂದ 2000ದಲ್ಲಿ ಬಂದ ಮಾನದಂಡ ಇದಕ್ಕೊಂದು ದಾರಿ ಮಾಡಿತು. ಎಕ್ಸ್‌ರೇ ಟ್ಯೂಬ್ ಹೊತ್ತ ಮೆಷಿನ್ನಿನ ಸಿ ಆಕಾರದ ತೋಳು ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅಲ್ಲಿಂದ ಟ್ಯೂಬಿನ ಕಡೆಗೆ 15 ಸೆಂಟಿಮೀಟರ್ ಬಂದರೆ ಸಿಗುವ ಜಾಗವನ್ನು ಚರ್ಮದ ಜಾಗ ಅಂತ ಇಟ್ಟುಕೊಳ್ಳೋಣ, ಅಲ್ಲಿಗೆ ಬಿದ್ದ ಒಟ್ಟು ಡೋಸನ್ನು ಪರದೆಯಲ್ಲಿ ತೋರಿಸೋಣ. ಅಮೆರಿಕದಲ್ಲಿ 2006ರ ಜೂನ್ ನಂತರ ತಯಾರಾದ ಫ್ಲೋರೋಸ್ಕೋಪಿ ಯಂತ್ರಗಳಿಗೆ ಒಟ್ಟು ಡೋಸ್ ತೋರಿಸುವುದು ಕಡ್ಡಾಯವಾಯಿತು. ಈಗ ನಮ್ಮ ಕ್ಯಾಥ್ ಲ್ಯಾಬುಗಳ ಹೊಸ ಮೆಷಿನ್‌ಗಳಲ್ಲೂ ಮಿಲಿಗ್ರೇ ಲೆಕ್ಕದಲ್ಲಿ ಏರುತ್ತಾ ಹೋಗುವುದು ಇದೇ ಅಂಕಿ. ಗ್ರೇ ಅನ್ನೋದು ಡೋಸ್ ಅಳೆಯುವ ಮಾನ, ಮಿಲಿಗ್ರೇ ಅದರ ಸಾವಿರದ ಒಂದು ಪಾಲು.

ತೊಡಕು ಇಲ್ಲೇ ಇದೆ. ಆ ಅಂಕಿ ಚರ್ಮದ ಡೋಸ್ ಅಲ್ಲ. ತಾಲ್ಲೂಕು ಕಚೇರಿಯ ಮಳೆ ಮಾಪಕ ನೋಡಿ ನಮ್ಮ ಹೊಲಕ್ಕೆ ಇಷ್ಟೇ ಮಳೆ ಬಿತ್ತು ಅಂದ ಹಾಗೆ. ಮಂಚ ಏರಿಸಿದರೆ ಬೆನ್ನು ಟ್ಯೂಬಿನಿಂದ ದೂರ ಹೋಗುತ್ತದೆ, ಇಳಿಸಿದರೆ ಹತ್ತಿರ ಬರುತ್ತದೆ, ಅಂಕಿಗೆ ಮಾತ್ರ ಅದು ಗೊತ್ತಾಗುವುದಿಲ್ಲ. ಮಂಚ, ಹಾಸಿಗೆ ಸ್ವಲ್ಪ ಕಿರಣ ತಡೆಯುತ್ತವೆ. ಮೈಯೊಳಗಿಂದ ಚದುರಿ ವಾಪಸ್ ಬರುವ ಕಿರಣ ಚರ್ಮದ ಡೋಸಿಗೆ ಮತ್ತೆ ಮೂವತ್ತು ನಲವತ್ತು ಶೇಕಡಾ ಸೇರಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಡಾಕ್ಟರ್ ತೋಳನ್ನು ಆ ಕಡೆ ಈ ಕಡೆ ತಿರುಗಿಸಿದ್ದರೆ 5 ಗ್ರೇ ಬೆನ್ನಿನ ಬೇರೆ ಬೇರೆ ಜಾಗಕ್ಕೆ ಹಂಚಿಹೋಗಿರುತ್ತದೆ. ತಿರುಗಿಸದಿದ್ದರೆ ಅಷ್ಟೂ ಒಂದೇ ಕಡೆ. ಪರದೆಯಲ್ಲಿ ಎರಡಕ್ಕೂ ಅದೇ 5.

ನೇರವಾಗಿ ಅಳೆಯಬೇಕೆಂದರೆ ಬೆನ್ನಿನ ಕೆಳಗೆ ಗಾಫ್‌ಕ್ರೋಮಿಕ್ ಫಿಲ್ಮ್ ಹಾಸಬಹುದು. ಇದನ್ನು ಡೆವಲಪ್ ಮಾಡಬೇಕಿಲ್ಲ, ಕಿರಣ ಬಿದ್ದ ಕಡೆ ತಾನೇ ಕಪ್ಪಾಗುತ್ತದೆ. ಮುಗಿದ ಮೇಲೆ ಎತ್ತಿ ನೋಡಿದರೆ ಚೌಕ ಚೌಕ ಗುರುತುಗಳು, ಒಂದರ ಮೇಲೊಂದು ಬಿದ್ದ ಮೂಲೆ ಎಲ್ಲಕ್ಕಿಂತ ಕಪ್ಪು. ಅತಿ ಹೆಚ್ಚು ಪೆಟ್ಟು ತಿಂದದ್ದು ಆ ಮೂಲೆ. ಆದರೆ ಇದು ತಿಳಿಯುವುದು ಕೆಲಸ ಮುಗಿದ ಮೇಲೆ, ಮತ್ತು ಪ್ರತಿ ರೋಗಿಗೂ ಹಾಸುವಷ್ಟು ಅಗ್ಗವಲ್ಲ. ಬಿದ್ದ ಕಿರಣವನ್ನು ಹಿಡಿದಿಟ್ಟುಕೊಂಡು ಆಮೇಲೆ ಓದಲು ಕೊಡುವ ಟಿಎಲ್‌ಡಿ ಬಿಲ್ಲೆ ಅಂಟಿಸಿದರೆ ಅಂಟಿಸಿದ ಜಾಗದ್ದಷ್ಟೇ ಗೊತ್ತಾಗುತ್ತದೆ. ಈಗ ಕೋನ, ಮಂಚದ ಎತ್ತರ ಎಲ್ಲ ಸೇರಿಸಿ ಬೆನ್ನಿನ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಬಂದಿದೆ. ಆ ಲೆಕ್ಕಗಳೂ ಒಂದಕ್ಕೊಂದು ಪೂರ್ತಿ ತಾಳೆಯಾಗುವುದಿಲ್ಲ.

ಹೆದರಬೇಕಾದವರು ಕಡಿಮೆ ಜನ, ಇದನ್ನು ಒತ್ತಿ ಹೇಳಬೇಕು. ಸಾಮಾನ್ಯ ಆಂಜಿಯೋಗ್ರಾಮ್ ಬಹುಪಾಲು 1 ಗ್ರೇ ಒಳಗೇ ಮುಗಿಯುತ್ತದೆ. ಚರ್ಮ ತಾತ್ಕಾಲಿಕವಾಗಿ ಕೆಂಪಾಗಲು ಸುಮಾರು 2 ಗ್ರೇ ಬೇಕು, ವಾರಗಳ ಕಾಲ ಉಳಿಯುವ ಕೆಂಪಿಗೆ ಸುಮಾರು 6. ಹದಿನೈದು ದಾಟಿದರೆ ಹುಣ್ಣಾಗಬಹುದು. ಪರದೆಯ ಅಂಕಿ 5 ಗ್ರೇ ಮುಟ್ಟಿದರೆ ರೋಗಿಗೆ ತಿಳಿಸಿ, ಆಮೇಲೆ ವಿಚಾರಿಸಿಕೊಳ್ಳಿ ಅಂತ ಅಮೆರಿಕದ ವಿಕಿರಣ ಸುರಕ್ಷತಾ ಮಂಡಳಿ ಎನ್‌ಸಿಆರ್‌ಪಿ 2010ರಲ್ಲಿ ಹೇಳಿತು. ಯುರೋಪಿನ 2013ರ ನಿರ್ದೇಶನದಂತೆ ಡೋಸಿನ ವಿವರ ವರದಿಯಲ್ಲೇ ಇರಬೇಕು.

ಭಾರತದಲ್ಲಿ ಮೆಷಿನ್‌ಗಳ ಪರವಾನಗಿ, ಪರೀಕ್ಷೆ ಅಣುಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿ ಕೈಯಲ್ಲಿದೆ. ಕ್ಯಾಥ್ ಲ್ಯಾಬಿನ ಸಿಬ್ಬಂದಿ ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಳ್ಳುತ್ತಾರೆ, ಮೂರು ತಿಂಗಳಿಗೊಮ್ಮೆ ಅದನ್ನು ಓದಿ ಲೆಕ್ಕ ಇಡುತ್ತಾರೆ. ದಿನವೂ ಅಲ್ಲೇ ನಿಲ್ಲುವವರಿಗೆ ಅದು ಬೇಕೇ ಬೇಕು. ಮಂಚದ ಮೇಲೆ ಮಲಗಿದವರ ಅಂಕಿಯೂ ಆ ಕೋಣೆಯಲ್ಲೇ ಇದೆ, ಹೊಸ ಮೆಷಿನ್ ತಾನೇ ಅದರ ವರದಿ ಮಾಡಿ ಇಡುತ್ತದೆ. ಆದರೆ ಸ್ಟೆಂಟಿನ ಕಂಪನಿ, ಉದ್ದ, ಅಗಲ ಎಲ್ಲ ಬರೆದಿರುವ ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ಒಂದು ಸಾಲು ನಮ್ಮಲ್ಲಿ ಇನ್ನೂ ಅಪರೂಪ.

ಆ ಸಾಲು ಯಾಕೆ ಬೇಕು ಅಂದರೆ, ಚರ್ಮ ಕೆಂಪಾಗುವ ಹೊತ್ತಿಗೆ ರೋಗಿ ಮನೆ ಸೇರಿ ವಾರಗಳಾಗಿರುತ್ತವೆ. ಬೆನ್ನಿನ ತುರಿಕೆ ಅಂತ ಅವರು ಹೋಗುವುದು ಚರ್ಮದ ಡಾಕ್ಟರ ಹತ್ತಿರ. ಅಲ್ಲಿ ಅಲರ್ಜಿಯೋ ಹುಳುಕಡ್ಡಿಯೋ ಅಂದುಕೊಂಡು ಮುಲಾಮು ಕೊಡಬಹುದು, ಬಯಾಪ್ಸಿಗೆ ತುಂಡು ತೆಗೆಯಲೂಬಹುದು, ಮತ್ತು ವಿಕಿರಣ ತಗುಲಿದ ಚರ್ಮದಲ್ಲಿ ಆ ಬಯಾಪ್ಸಿ ಗಾಯವೇ ಮಾಯದೆ ಕಾಡಬಹುದು. ಇನ್ನು ಕೆಲವೇ ತಿಂಗಳಲ್ಲಿ ಎರಡನೇ ಸ್ಟೆಂಟ್ ಬೇಕಾದವರಿದ್ದಾರೆ. ಹಿಂದಿನ ಅಂಕಿ, ಯಾವ ಕೋನದಲ್ಲಿ ಎಷ್ಟು ಬಿತ್ತು ಅನ್ನೋದು ಕೈಯಲ್ಲಿದ್ದರೆ ಡಾಕ್ಟರ್ ಈ ಸಲ ತೋಳನ್ನು ಸ್ವಲ್ಪ ತಿರುಗಿಸಿ, ಬೇರೆ ಚರ್ಮದ ಮೂಲಕ ಕಿರಣ ಹಾಯಿಸಬಹುದು. ಮನೆಯವರು ಡಿಸ್ಚಾರ್ಜ್ ದಿನ ಕೇಳಿ ಬರೆಸಿಕೊಳ್ಳಬೇಕಾದದ್ದು ಇಷ್ಟೇ: ಒಟ್ಟು ಎಷ್ಟು ಗ್ರೇ, ಬೆನ್ನಿನ ಯಾವ ಭಾಗ.