ಸರ್, ಉತ್ತರ ಕನ್ನಡ ಅಂದ್ರೆ ಹುಬ್ಬಳ್ಳಿ ಆಕಡೇನಾ?

ಪ್ರತಿ ಬ್ಯಾಚಲ್ಲೂ ಒಬ್ರಾದ್ರೂ ಇದನ್ನ ಕೇಳೇ ಕೇಳ್ತಾರೆ. ಈ ಸಲ ಕೇಳಿದ್ದು ಭಟ್ಕಳಕ್ಕೆ ಪೋಸ್ಟಿಂಗ್ ಆಗಿರೋ ಹುಡುಗಿ, ಹುಬ್ಬಳ್ಳಿ ರೈಲಿಗೆ ಟಿಕೆಟ್ ನೋಡ್ತಿದ್ಲಂತೆ. ಬೇಡಮ್ಮ, ದಾವಣಗೆರೆಯಿಂದ ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿ, ರೊಟ್ಟಿ ಸೀಮೆ ಅಲ್ಲ ಅದು, ಮೀನಿನ ಸೀಮೆ.

ಉತ್ತರ ಕನ್ನಡದ 'ಉತ್ತರ' ಕರ್ನಾಟಕದ ಉತ್ತರ ಅಲ್ವೇ ಅಲ್ಲ. ಎಷ್ಟು ಸಲ ಹೇಳ್ಲಿ! 1799ರಲ್ಲಿ ಟಿಪ್ಪು ಸತ್ಮೇಲೆ ಕರಾವಳಿ ಇಂಗ್ಲಿಷರ ಕೈಗೆ ಹೋಯ್ತು, ಕಾರವಾರದಿಂದ ಕಾಸರಗೋಡಿನ ತನಕ ಕೆನರಾ ಅಂತ ಒಂದೇ ಜಿಲ್ಲೆ, ಮದ್ರಾಸ್ ಪ್ರೆಸಿಡೆನ್ಸಿ ಕೆಳಗೆ. ಆಮೇಲೆ ಅದನ್ನ ಎರಡು ಮಾಡಿ 1862ರಲ್ಲಿ ಮೇಲಿನ ಭಾಗನ ಬಾಂಬೆಗೆ ಕೊಟ್ರು, ಕೆಳಗಿಂದು ಮದ್ರಾಸಲ್ಲೇ ಉಳೀತು. ನಾರ್ತ್ ಕೆನರಾ, ಸೌತ್ ಕೆನರಾ. ಆ ಹೆಸರುಗಳೇ ಇವತ್ತಿನ ಉತ್ತರ ಕನ್ನಡ, ದಕ್ಷಿಣ ಕನ್ನಡ. ಕರಾವಳಿ ಒಳಗಿನ ಉತ್ತರ, ಕರಾವಳಿ ಒಳಗಿನ ದಕ್ಷಿಣ, ಅಷ್ಟೇ.

ನಂಬ್ಕೆ ಇಲ್ವಾ, ಮ್ಯಾಪ್ ತೆಗೀರಿ. ದಾವಣಗೆರೆ ಹತ್ರಹತ್ರ 14.5 ಡಿಗ್ರಿ ಅಕ್ಷಾಂಶ, ಚಿತ್ರದುರ್ಗ 14.2, ಭಟ್ಕಳ 14. ಅಂದ್ರೆ 'ಉತ್ತರ' ಕನ್ನಡದ ಭಟ್ಕಳ ನಮ್ಮ ದುರ್ಗಕ್ಕಿಂತ ದಕ್ಷಿಣಕ್ಕೈತೆ! ಅತ್ಲಾಗೆ ಮೈಸೂರು ನೋಡಿದ್ರೆ 'ದಕ್ಷಿಣ' ಕನ್ನಡದ ಮಂಗಳೂರಿಗಿಂತ ಇನ್ನೂ ಕೆಳಗೆ. ಇದರ ಮೇಲೆ ಸರ್ಕಾರದೋರು ಉತ್ತರ ಕನ್ನಡನ ಬೆಳಗಾವಿ ವಿಭಾಗಕ್ಕೂ ನಮ್ಮನ್ನ ಬೆಂಗಳೂರು ವಿಭಾಗಕ್ಕೂ ಹಾಕಿ ಕೂತಿದಾರೆ, ಹುಡುಗ್ರು ಕನ್ಫ್ಯೂಸ್ ಆಗ್ದೆ ಇನ್ನೇನಾಗ್ತಾರೆ. ಆದ್ರೂ ಎಕ್ಸಾಮಲ್ಲಿ ಕಾರವಾರನ ಬಯಲುಸೀಮೆಗೆ ಸೇರಿಸಿ ಬರೆದ್ರೆ ಮಾತ್ರ ಬಿಡಲ್ಲ ನಾನು.

ಪಡುಬಿದ್ರಿ, ಮೂಡಬಿದ್ರಿ ವಿಷ್ಯ ಯಾರೂ ಕೇಳಿಲ್ಲ, ನಿಜ, ಆದ್ರೂ ಹೇಳ್ಬಿಡ್ತೀನಿ. ಹೊತ್ತು ಮುಳುಗೋ ಕಡೆ ಪಡು, ಹುಟ್ಟೋ ಕಡೆ ಮೂಡು. ಪಡುಬಿದ್ರಿ ಸಮುದ್ರದ ದಂಡೇಲೈತೆ, ಮೂಡಬಿದ್ರಿ ಒಳನಾಡಲ್ಲಿ. ನಮ್ಮ ಹಳ್ಳಿ ಕಡೆ ಹಿರೀಕರು ಮೂಡಲ ಹೊಲ, ಪಡುವಲ ಹೊಲ ಅಂತಾರಲ್ಲ, ಅದೇ ಮಾತು. ತೆಂಕ ಅಂದ್ರೆ ದಕ್ಷಿಣ, ಬಡಗ ಅಂದ್ರೆ ಉತ್ತರ, ಮಲ್ಪೆ ಹತ್ರ ತೆಂಕನಿಡಿಯೂರು, ಬಡಾನಿಡಿಯೂರು ಅಂತ ಎರಡು ಊರೇ ಅದಾವೆ. ಯಕ್ಷಗಾನದ ತೆಂಕುತಿಟ್ಟು ಮಂಗಳೂರು-ಕಾಸರಗೋಡು ಕಡೇದು, ಬಡಗುತಿಟ್ಟು ಕುಂದಾಪುರ ಕಡೇದು.

ಇನ್ನು 'ಘಟ್ಟದ ಮೇಲಿನೋರು' ಅಂದ್ರೆ ಬೆಟ್ಟದಲ್ಲಿ ಇರೋರು ಅಂತ ಅಲ್ಲ. ಘಟ್ಟ ಹತ್ತಿದ್ಮೇಲೆ ಸಿಗೋ ಊರೆಲ್ಲ ಕರಾವಳಿಯೋರಿಗೆ ಘಟ್ಟದ ಮೇಲೇನೇ, ಸಿರ್ಸಿ ಅವರದ್ದೇ ಜಿಲ್ಲೆ ಆದ್ರೂ ಅಷ್ಟೇ, ನಮ್ಮ ಜಗಳೂರಾದ್ರೂ ಅಷ್ಟೇ.