ಅಂಗಳದ ತೋಟಕ್ಕೆ ಬೇಸಿಗೆ ರಜೆ ಇಲ್ಲ

ಕಲಬುರಗಿಯಲ್ಲಿ ವಿಶ್ವವಿದ್ಯಾಲಯಗಳಿಗೆ ಬರವಿಲ್ಲ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ರಾಯಚೂರು ಕೃಷಿ ವಿವಿಯ ಕಾಲೇಜೂ ಇದೆ. ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದ ಹುಡುಗರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಅದರಲ್ಲಿ ಒಂದಿಷ್ಟು ಗಂಟೆ ಅಂಗನವಾಡಿಯ ಪೌಷ್ಟಿಕ ತೋಟಕ್ಕೆ ಹೋಗುತ್ತದೆ. ಜೂನ್‌ನಲ್ಲಿ ಗುಂಡಿ ತೋಡುತ್ತಾರೆ, ಸಸಿ ನೆಡುತ್ತಾರೆ, ಫೋಟೋ ತೆಗೆಯುತ್ತಾರೆ. ತೋಟ ಸಾಯುವುದು ಏಪ್ರಿಲ್‌ನಲ್ಲಿ.

ನಾನು ಪೋಷಣೆ ವಿಷಯ ಕಲಿಸುವವಳು, ಎನ್ಎಸ್ಎಸ್ ಘಟಕವನ್ನೂ ನೋಡಿಕೊಳ್ಳುತ್ತೇನೆ. ಒಬ್ಬ ಅಂಗನವಾಡಿ ಕಾರ್ಯಕರ್ತೆ ಸಸಿ ಇಳಿಸುವ ಮೊದಲೇ ಕೇಳಿದರು: "ಮೇಡಂ, ಹುಡುಗ್ರು ಪರೀಕ್ಷಿಗೆ ಹೋದ್ರಂದ್ರ ನೀರ್ ಯಾರ್ ಹಾಕ್ಬೇಕ್ರಿ?" ಇಡೀ ಯೋಜನೆ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಕಾಲೇಜಿನ ಕ್ಯಾಲೆಂಡರ್ ಬೇರೆ, ಮಣ್ಣಿನದ್ದು ಬೇರೆ. ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುವ ಹೊತ್ತಿಗೆ ಹುಡುಗರು ಪರೀಕ್ಷೆ ಮುಗಿಸಿ ಊರಿಗೆ ಹೋಗಿರುತ್ತಾರೆ. ಎರೆ ಮಣ್ಣು ಬಾಯಿ ಬಿಟ್ಟಿರುತ್ತದೆ.

ಅದಕ್ಕೇ ಏನು ಹಾಕಬೇಕು ಅನ್ನುವುದು ಮುಖ್ಯ. ಬೇರೂರಿದ ಮೇಲೆ ಜಾಸ್ತಿ ನೀರು ಕೇಳದ ನುಗ್ಗೆ, ನಿಂಬೆ, ಕರಿಬೇವು ಮೂಲೆಗಳಲ್ಲಿರಲಿ. ಪುಂಡಿ (ಗೋಂಗೂರ), ರಾಜಗಿರಿ, ಮೆಂತೆ ಸೊಪ್ಪು ಮಳೆಗಾಲದಿಂದ ಚಳಿಗಾಲ ಮುಗಿಯುವವರೆಗೆ ಸಾಕು. ಬೇಸಿಗೆಯಲ್ಲಿ ಮಡಿ ಖಾಲಿ ಬಿಟ್ಟು ಒಣ ಎಲೆ ಮುಚ್ಚಿದರೆ ಯಾರೂ ತಪ್ಪು ತಿಳಿಯಬೇಕಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಹಾಗಾಗಿ ಮಡಿಯನ್ನು ಅರ್ಧ ಅಡಿ ಎತ್ತರಿಸಬೇಕು. ಹಾಸ್ಟೆಲ್ ಮೆಸ್ಸಿನ ತರಕಾರಿ ಸಿಪ್ಪೆ, ಕ್ಯಾಂಪಸ್ಸಿನ ಒಣ ಎಲೆ ಸೇರಿಸಿದರೆ ಗೊಬ್ಬರ ಕೊಳ್ಳಬೇಕಿಲ್ಲ. ಸುಮ್ನೆ ಸುಡುವ ಎಲೆಯೇ ಅಲ್ವಾ ಅದು?

ಈಗ ಊಟದ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತ ಕಡಿಮೆ. ನಾಲ್ಕು ಮಡಿ ಸೊಪ್ಪು ಇದನ್ನು ನೀಗಿಸುತ್ತದೆ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಐರನ್ ಮಾತ್ರೆ ಬೇಕು, ಮೊಟ್ಟೆ ಬೇಕು. ತೋಟದ ಕೆಲಸ ಬೇರೆ: ತಿನ್ನುವ ರೂಢಿ ಬೆಳೆಸುವುದು. ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ನಿಂಬೆರಸದ ಸಿ ವಿಟಮಿನ್ ಸೇರಿದರೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಸಿಕ್ಕಿದ್ದೂ ಕಡಿಮೆಯಾಗುತ್ತದೆ. ಜೋಳದ ರೊಟ್ಟಿ, ತೊಗರಿ ಬೇಳೆ ಹಾಕಿದ ಪುಂಡಿ ಪಲ್ಯ, ಪಕ್ಕದಲ್ಲಿ ನಿಂಬೆ ಹೋಳು, ಚಹಾ ಒಂದು ತಾಸು ತಡ. ಇಷ್ಟನ್ನು ಮನೆಮನೆಗೆ ಹೇಳಲು ಹುಡುಗರು ಬೇಕು. ಪುಂಡಿ ಪಲ್ಯ ಮಾಡುವುದನ್ನು ಮಾತ್ರ ಹುಡುಗರೇ ಓಣಿಯ ಅಜ್ಜಿಯರಿಂದ ಕಲಿಯಬೇಕು.

ನೀರು ಯಾರು ಹಾಕಬೇಕು ಅನ್ನುವ ಆ ಕಾರ್ಯಕರ್ತೆಯ ಪ್ರಶ್ನೆಗೆ ನಮ್ಮ ಘಟಕದ ಉತ್ತರ ಇದು: ಬಿತ್ತುವ ಮೊದಲೇ ಓಣಿಯ ಸ್ತ್ರೀಶಕ್ತಿ ಗುಂಪಿನ ಜೊತೆ ಕೂತು ಬೇಸಿಗೆಯ ನೀರಿನ ಸರದಿ ಬರೆಯುತ್ತೇವೆ. ಊರಲ್ಲೇ ಇರುವ ವಿದ್ಯಾರ್ಥಿಗಳ ಹೆಸರೂ ಅದರಲ್ಲಿರುತ್ತದೆ, ಅವರ ಮೇ ತಿಂಗಳ ಗಂಟೆಗಳು ಎನ್ಎಸ್ಎಸ್ ಡೈರಿಗೆ ಸೇರುತ್ತವೆ. ನೀರು ಹಾಕಿದವರ ಮನೆಗೂ ಸೊಪ್ಪು ಹೋಗಬೇಕು ಅನ್ನುವುದು ಗುಂಪು ಹಾಕಿದ ಷರತ್ತು. ಮೊದಲ ಕೊಯ್ಲು ಅಂಗನವಾಡಿಯ ಅಡುಗೆಗೆ, ಉಳಿದದ್ದು ಸರದಿಯವರಿಗೆ.